ಕೋಡಿನ ಬಾಗಿಲಿಗೆ ಬರೆದ ‘ನಾಳೆ ಬಾ’

ಬಿಲ್ಲಿಂಗ್ ತಂತ್ರಾಂಶವೊಂದರಲ್ಲಿ ಜಿಎಸ್‌ಟಿ ಲೆಕ್ಕ ಹಾಕುವ ಪುಟ್ಟ ಫಂಕ್ಷನ್ ಇದೆ ಎಂದಿಟ್ಟುಕೊಳ್ಳಿ. ಶುಕ್ರವಾರ ಸಂಜೆ. ಬಿಡುಗಡೆಗೆ ಇನ್ನು ಎರಡೋ ಮೂರೋ ಗಂಟೆ. ದರವನ್ನು ಡೇಟಾಬೇಸ್‌ನಿಂದ ತರಬೇಕು, ಆದರೆ ಅಷ್ಟು ಪುರುಸೊತ್ತಿಲ್ಲ. ಬರೆಯುವವರು ನೇರವಾಗಿ 12 ಎಂದು ಬರೆದು, ಮೇಲೊಂದು ಸಾಲು ಸೇರಿಸುತ್ತಾರೆ: ‘ಟೂಡೂ: ದರವನ್ನು ಟೇಬಲ್‌ನಿಂದ ತರಬೇಕು’. ಈ ಸಾಲನ್ನು ಕಂಪ್ಯೂಟರ್ ಓದುವುದಿಲ್ಲ, ಅದು ಮನುಷ್ಯರಿಗಾಗಿ ಬರೆದ ಕಾಮೆಂಟ್. ಮನುಷ್ಯರೂ ಓದುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಗುತ್ತದೆ. 2025ರ ಸೆಪ್ಟೆಂಬರ್ 22ರಂದು ಹೊಸ ದರಗಳು ಜಾರಿಗೆ ಬಂದು, 12ರ ಹಂತದಲ್ಲಿದ್ದ ಬಹುಪಾಲು ಸರಕು 5ಕ್ಕೆ ಇಳಿದಾಗ, ಟೇಬಲ್ ತಿದ್ದಿದವರೆಲ್ಲ ನಿಶ್ಚಿಂತೆಯಿಂದ ಮಲಗಿದರೆ ಈ ಫಂಕ್ಷನ್ ಮಾತ್ರ 12ನ್ನೇ ಜಪಿಸುತ್ತ ಕೂತಿರುತ್ತದೆ.

ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಲ್ಲಿ ಮನೆಯ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ನೆನಪು ಕೆಲವರಿಗಾದರೂ ಇರಬೇಕು. ರಾತ್ರಿ ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ವಾಪಸು ಹೋಗುತ್ತದಂತೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದಂತೆ. ಟೂಡೂ ಕಾಮೆಂಟಿನ ಕೆಲಸವೂ ಹೆಚ್ಚುಕಡಿಮೆ ಇದೇ. ಕೆಲಸವನ್ನು ಅದು ಮುಗಿಸುವುದಿಲ್ಲ, ಹೊಸ್ತಿಲಾಚೆ ನಿಲ್ಲಿಸುತ್ತದೆ.

ಈ ಬರಹವನ್ನು ಬಾಗಿಲಿಗೆ ಬರೆಯುವ ಕ್ಷಣದಲ್ಲೇ ‘ಯಾವ ನಾಳೆ?’ ಎಂದು ಕೇಳುವ ಒಂದು ಸಣ್ಣ ಓಪನ್ ಸೋರ್ಸ್ ಪ್ಲಗಿನ್ (ಇನ್ನೊಂದು ತಂತ್ರಾಂಶಕ್ಕೆ ಜೋಡಿಸುವ ತುಣುಕು) ಇದೆ. ಹೆಸರು ಡೇಂಜರ್-ಟೂಡೂಯಿಸ್ಟ್. ಕೆಲಸಗಳ ಪಟ್ಟಿ ಇಟ್ಟುಕೊಳ್ಳುವ ಅದೇ ಹೆಸರಿನ ಮೊಬೈಲ್ ಆ್ಯಪ್‌ಗೂ ಇದಕ್ಕೂ ಸಂಬಂಧವಿಲ್ಲ. ರೂಬಿ ಭಾಷೆಯಲ್ಲಿ ಬರೆದ ಇದನ್ನು ಮೊದಲ ಸಲ ಕಂಡಾಗ ನನಗೆ ಅನ್ನಿಸಿದ್ದು, ‘ಇಷ್ಟಕ್ಕೆ ಪ್ಲಗಿನ್ ಯಾಕೆ, ಫೈಲುಗಳಲ್ಲಿ ಪದ ಹುಡುಕುವ ಗ್ರೆಪ್ ಸಾಲದೇ?’ ಎಂದು. ಸಾಲದು. ಯಾಕೆ ಸಾಲದು ಅನ್ನುವುದರಲ್ಲೇ ಇದರ ಸ್ವಾರಸ್ಯವಿದೆ.

ಮೊದಲು ಪದಗಳ ವಿಚಾರ. ಪ್ರೋಗ್ರಾಮರ್‌ಗಳು ಬಾಕಿ ಕೆಲಸಕ್ಕೆ ಬಳಸುವ ಗುರುತುಗಳು ನಾಲ್ಕೈದು ಇವೆ. ಟೂಡೂ (ಇಂಗ್ಲಿಷಿನ ಟಿ, ಓ, ಡಿ, ಓ ಎಂಬ ನಾಲ್ಕಕ್ಷರ) ಅಂದರೆ ಮಾಡಬೇಕಾದದ್ದು, ಫಿಕ್ಸ್‌ಮಿ ಅಂದರೆ ಕೆಟ್ಟಿದೆ, ಸರಿಪಡಿಸಿ. ಹ್ಯಾಕ್ ಅಂದರೆ ಹೇಗೋ ತೇಪೆ ಹಚ್ಚಿದ್ದೇನೆ, ಬೈಯಬೇಡಿ. ಇವುಗಳ ಜೊತೆ ಮೂರು ಎಕ್ಸ್‌ಗಳ ಒಂದು ಗುರುತೂ ಉಂಟು. ಸನ್ ಮೈಕ್ರೋಸಿಸ್ಟಮ್ಸ್ 1997ರಲ್ಲಿ ಹೊರತಂದ ಜಾವಾ ಬರವಣಿಗೆಯ ನಿಯಮಗಳಲ್ಲಿ ಫಿಕ್ಸ್‌ಮಿ ಮತ್ತು ಮೂರು ಎಕ್ಸ್‌ಗಳ ನಡುವಿನ ಗೆರೆಯನ್ನು ಚೆನ್ನಾಗಿ ಎಳೆದಿದ್ದಾರೆ: ತಪ್ಪಾಗಿದ್ದರೂ ಹೇಗೋ ನಡೆಯುತ್ತಿದ್ದರೆ ಮೂರು ಎಕ್ಸ್, ತಪ್ಪಾಗಿದ್ದು ನಡೆಯುತ್ತಲೂ ಇಲ್ಲದಿದ್ದರೆ ಫಿಕ್ಸ್‌ಮಿ. ಪೈಥಾನ್ ಸಮುದಾಯದಲ್ಲಿ 2005ರಲ್ಲಿ ಒಬ್ಬರು ಇಂಥ ಗುರುತುಗಳಿಗೆಲ್ಲ ಶಾಸ್ತ್ರೋಕ್ತ ವ್ಯಾಕರಣವೊಂದನ್ನು ಕಟ್ಟಿ, ಪೆಪ್ 350 ಎಂಬ ಪ್ರಸ್ತಾವವಾಗಿ ಮುಂದಿಟ್ಟರು. ಅದು ತಿರಸ್ಕೃತವಾಯಿತು. ಆಶ್ಚರ್ಯವೇನಿಲ್ಲ. ಅವಸರದಲ್ಲಿ ಬರೆಯುವ ಚೀಟಿಗೆ ಫಾರಂ ತುಂಬಿ ಅಂದರೆ ಯಾರು ತುಂಬುತ್ತಾರೆ?

ಹೀಗೆ ಬರೆದಿಟ್ಟವು ಎಷ್ಟು ಕಾಲ ಉಳಿಯುತ್ತವೆ? 2014ರಲ್ಲಿ ಪೋತದಾರ್ ಮತ್ತು ಶಿಹಾಬ್ ಎಂಬ ಇಬ್ಬರು ಸಂಶೋಧಕರು ಎಕ್ಲಿಪ್ಸ್, ಕ್ರೋಮಿಯಂ ಓಎಸ್, ಅಪಾಚೆ ವೆಬ್ ಸರ್ವರ್, ಆರ್ಗೋಯುಎಂಎಲ್ ಎಂಬ ನಾಲ್ಕು ದೊಡ್ಡ ಓಪನ್ ಸೋರ್ಸ್ ಯೋಜನೆಗಳ ಕಾಮೆಂಟ್‌ಗಳನ್ನು ಕೂತು ಓದಿದರು. ಬರೆದವರೇ ‘ಇದು ಸರಿಯಿಲ್ಲ’ ಎಂದು ಒಪ್ಪಿಕೊಂಡ ಜಾಗಗಳು ಯೋಜನೆಯಿಂದ ಯೋಜನೆಗೆ ಶೇ 2.4ರಿಂದ ಶೇ 31ರಷ್ಟು ಫೈಲ್‌ಗಳಲ್ಲಿ ಸಿಕ್ಕವು. ಅವುಗಳಲ್ಲಿ ಆಮೇಲೆ ತೆಗೆದುಹಾಕಿದ್ದು ಶೇ 26.3ರಿಂದ ಶೇ 63.5ರಷ್ಟನ್ನು ಮಾತ್ರ. ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು ಅದೇ ಅಧ್ಯಯನದ ಇನ್ನೊಂದು ಮಾತು: ಇಂಥ ತಪ್ಪೊಪ್ಪಿಗೆಗಳನ್ನು ಹೆಚ್ಚಾಗಿ ಬರೆದವರು ಹೊಸಬರಲ್ಲ, ಅನುಭವಿಗಳು. ಹೊಸಬರಿಗೆ ತಮ್ಮ ಕೋಡಿನಲ್ಲಿ ಏನು ಬಾಕಿಯಿದೆ ಎಂದೇ ಗೊತ್ತಿರುವುದಿಲ್ಲವಲ್ಲ! ಹಾಗಾಗಿ ಟೂಡೂ ಬರೆಯುವುದು ಸೋಮಾರಿತನದ ಗುರುತಲ್ಲ. ಬರೆದು ಮರೆಯುವುದಷ್ಟೇ ತೊಂದರೆ.

ಈಗ ಗ್ರೆಪ್ ಮಾತಿಗೆ ಬರೋಣ. ಇಡೀ ಕೋಡಿನಲ್ಲಿ ಟೂಡೂ ಎಲ್ಲೆಲ್ಲಿದೆ ಎಂದು ಹುಡುಕಲು ಉಪಕರಣಗಳಿಗೆ ಬರವಿಲ್ಲ. ಪೈಲಿಂಟ್, ಇಎಸ್‌ಲಿಂಟ್, ಚೆಕ್‌ಸ್ಟೈಲ್, ಸ್ವಿಫ್ಟ್‌ಲಿಂಟ್ ಹೀಗೆ ಪ್ರತಿ ಭಾಷೆಯ ತಪಾಸಕನಲ್ಲೂ ಇದಕ್ಕೊಂದು ನಿಯಮ ಇದೆ. ರೂಬಿಯ ವೆಬ್ ಚೌಕಟ್ಟಾದ ರೈಲ್ಸ್‌ನಲ್ಲಂತೂ ಪಟ್ಟಿ ಮಾಡಿಕೊಡುವುದಕ್ಕೇ ಪ್ರತ್ಯೇಕ ಆಜ್ಞೆಯಿದೆ. ಆದರೆ ಹತ್ತು ವರ್ಷ ಹಳೆಯ ಯೋಜನೆಯಲ್ಲಿ ಇದನ್ನು ಓಡಿಸಿ ನೋಡಿ. ನೂರಾರು ಸಾಲುಗಳ ಪಟ್ಟಿ ಬೀಳುತ್ತದೆ, ಬರೆದವರಲ್ಲಿ ಅರ್ಧ ಜನ ಕೆಲಸ ಬಿಟ್ಟು ಹೋಗಿರುತ್ತಾರೆ. ಆ ಪಟ್ಟಿಯನ್ನು ನೋಡಿ ಯಾರಿಗೂ ತನ್ನದು ಅನ್ನಿಸುವುದಿಲ್ಲ. ಮೂರನೇ ದಿನಕ್ಕೆ ಆ ನಿಯಮವನ್ನೇ ಆಫ್ ಮಾಡುತ್ತಾರೆ.

ಈ ಪ್ಲಗಿನ್ ಮಾಡುವ ಕೆಲಸ ಬೇರೆ. ಅದು ಮನೆಯನ್ನೆಲ್ಲ ಜಾಲಾಡುವುದಿಲ್ಲ, ಇವತ್ತು ಒಳಗೆ ತರುತ್ತಿರುವ ಚೀಲವನ್ನಷ್ಟೇ ಬಾಗಿಲಲ್ಲಿ ಬಿಚ್ಚಿ ನೋಡುತ್ತದೆ. ಹಳೆಯ ಪಾಪಗಳು ಅದಕ್ಕೆ ಬೇಡ, ಈ ಬದಲಾವಣೆಯಲ್ಲಿ ನೀವೇ ಸೇರಿಸಿದ ಸಾಲುಗಳಷ್ಟೇ ಬೇಕು. ಕೇಳುವ ಹೊತ್ತೂ ಮುಖ್ಯ. ಕೋಡ್ ಇನ್ನೂ ನಿಮ್ಮ ತಲೆಯಲ್ಲಿ ಬೆಚ್ಚಗಿರುವಾಗ, ಸಹೋದ್ಯೋಗಿಯೊಬ್ಬರು ಅದನ್ನು ಹೇಗೂ ಓದಲು ಕೂತಿರುವಾಗ ಕೇಳುತ್ತದೆ.

ಇದನ್ನು ಸಾಧ್ಯವಾಗಿಸುವುದು ಪ್ಲಗಿನ್ ಅಲ್ಲ, ಅದನ್ನು ಹೊತ್ತ ಡೇಂಜರ್. ಐಒಎಸ್ ಲೋಕದಲ್ಲಿ ಹೆಸರಾದ ಓರ್ಟಾ ಥೆರಾಕ್ಸ್ ಮತ್ತು ಫೆಲಿಕ್ಸ್ ಕ್ರೌಸೆ 2015ರಲ್ಲಿ ಶುರುಮಾಡಿದ ಯೋಜನೆ ಅದು. ಕೋಡ್ ರಿವ್ಯೂನಲ್ಲಿ, ಅಂದರೆ ಒಬ್ಬರ ಕೋಡನ್ನು ಸಹೋದ್ಯೋಗಿ ಓದಿ ಪರಿಶೀಲಿಸುವಾಗ, ‘ನೀನು ಇದನ್ನು ಮರೆತೆ, ಅದನ್ನು ಮರೆತೆ’ ಎಂದು ಮನುಷ್ಯರು ಹೇಳುವುದನ್ನು ನಿಲ್ಲಿಸೋಣ ಎಂಬುದೇ ಅದರ ಘೋಷಣೆ. ಚೇಂಜ್‌ಲಾಗ್ ತಿದ್ದಿಲ್ಲ, ಟೆಸ್ಟ್ ಬರೆದಿಲ್ಲ, ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಯನ್ನು ಮುಖ್ಯ ಕೋಡಿಗೆ ಸೇರಿಸಿ ಎಂಬ ಕೋರಿಕೆ) ಸಾವಿರ ಸಾಲು ದಾಟಿದೆ: ಇಂಥವನ್ನು ಯಂತ್ರ ಹೇಳಿದರೆ ಯಾರಿಗೂ ಬೇಜಾರಿಲ್ಲ. ಮನುಷ್ಯರು ಹೇಳಿದರೆ ಮೂರನೇ ಸಲಕ್ಕೆ ಮುಖ ಗಂಟಿಕ್ಕುತ್ತದೆ.

ಡೇಂಜರ್ ಓಡುವುದು ನಿಮ್ಮ ಲ್ಯಾಪ್‌ಟಾಪಿನಲ್ಲಲ್ಲ, ಸಿಐ ಸರ್ವರಿನಲ್ಲಿ, ಅಂದರೆ ಹೊಸ ಕೋಡ್ ಬಂದಾಗಲೆಲ್ಲ ಅದನ್ನು ತಾನಾಗಿ ಪರೀಕ್ಷಿಸುವ ಯಂತ್ರದಲ್ಲಿ. ನೀವು, ಕೋಡ್ ಇಡುವ ತಾಣಗಳಾದ ಗಿಟ್‌ಹಬ್‌ನಲ್ಲೋ ಗಿಟ್‌ಲ್ಯಾಬ್‌ನಲ್ಲೋ ಪುಲ್ ರಿಕ್ವೆಸ್ಟ್ ತೆರೆದ ಕೂಡಲೇ ಟೆಸ್ಟ್‌ಗಳ ಜೊತೆ ಅದೂ ಎದ್ದೇಳುತ್ತದೆ. ಯಾವ ರಿಕ್ವೆಸ್ಟ್‌ಗಾಗಿ ತನ್ನನ್ನು ಎಬ್ಬಿಸಿದ್ದಾರೆ ಎಂಬುದನ್ನು ಸಿಐ ಇಟ್ಟಿರುವ ಎನ್ವಿರಾನ್ಮೆಂಟ್ ವೇರಿಯಬಲ್‌ಗಳಿಂದ ತಿಳಿದುಕೊಂಡು, ನಿಮ್ಮ ಶಾಖೆ ಮುಖ್ಯ ಶಾಖೆಯಿಂದ ಕವಲೊಡೆದ ಕಮಿಟ್ (ಕೋಡಿನ ಇತಿಹಾಸದಲ್ಲಿ ಉಳಿಸಿಟ್ಟ ಒಂದು ಹಂತ) ಯಾವುದೆಂದು ಪತ್ತೆಹಚ್ಚಿ, ಅಲ್ಲಿಂದ ಇಲ್ಲಿಯವರೆಗಿನ ವ್ಯತ್ಯಾಸ ತೆಗೆಯುತ್ತದೆ. ಆಮೇಲೆ ಡೇಂಜರ್‌ಫೈಲ್ ಎಂಬ ಪುಟ್ಟ ರೂಬಿ ಫೈಲಿನಲ್ಲಿ ನೀವು ಬರೆದಿಟ್ಟ ನಿಯಮಗಳನ್ನು ಒಂದೊಂದಾಗಿ ನಡೆಸುತ್ತದೆ. ನಿಯಮಗಳು ಸುಮ್ಮನೆ ಮಾಹಿತಿ ಹೇಳಬಹುದು, ಎಚ್ಚರಿಸಬಹುದು, ಬಿಲ್ಡನ್ನೇ ಕೆಡವಬಹುದು, ಅಂದರೆ ಪರೀಕ್ಷೆಯಲ್ಲಿ ನಪಾಸು ಮಾಡಿ ತಡೆಯಬಹುದು. ಎಲ್ಲ ಸೇರಿಸಿ ರಿಕ್ವೆಸ್ಟಿನ ಕೆಳಗೆ ಒಂದೇ ಕಾಮೆಂಟ್ ಹಾಕುತ್ತದೆ. ನೀವು ತಿದ್ದಿ ಮತ್ತೆ ಪುಶ್ ಮಾಡಿದರೆ ಹೊಸದನ್ನು ಸುರಿಯುವುದಿಲ್ಲ, ಅದೇ ಕಾಮೆಂಟನ್ನು ತಿದ್ದುತ್ತದೆ. ಈ ಸೌಜನ್ಯ ಇಲ್ಲದ ಬಾಟ್‌ಗಳ ಕಾಟ ಅನುಭವಿಸಿದವರಿಗೇ ಇದರ ಬೆಲೆ ಗೊತ್ತು.

ಟೂಡೂಯಿಸ್ಟ್ ಆ ಡೇಂಜರ್‌ಫೈಲಿಗೆ ಸೇರುವ ಒಂದು ಸಾಲು. ಬಾಕಿ ಕಂಡರೆ ಎಚ್ಚರಿಸು ಅನ್ನಬಹುದು, ಬಿಲ್ಡ್ ಕೆಡವು ಅನ್ನಬಹುದು, ಸಿಕ್ಕಿದ್ದನ್ನೆಲ್ಲ ಪಟ್ಟಿಯಾಗಿ ಹಾಕು ಅನ್ನಬಹುದು. ಸಂದೇಶವನ್ನೂ, ಹುಡುಕಬೇಕಾದ ಪದಗಳನ್ನೂ ನಾವೇ ಕೊಡಬಹುದು.

ಒಳಗೇನು ನಡೆಯುತ್ತದೆ? ನಮ್ಮ ತೆರಿಗೆ ಫಂಕ್ಷನ್ನಿನ ಡಿಫ್, ಅಂದರೆ ಹಳೆಯ ಹೊಸ ಕೋಡಿನ ವ್ಯತ್ಯಾಸ, ನೋಡಿ. ಓದಲು ಸುಲಭವಾಗಲೆಂದು ಕೋಡನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ.

@@ -41,3 +41,4 @@
  ಡೆಫ್ ತೆರಿಗೆ(ಮೊತ್ತ)
-   ಮೊತ್ತ * 0.05
+   # ಟೂಡೂ: ದರವನ್ನು ಟೇಬಲ್‌ನಿಂದ ತರಬೇಕು
+   ಮೊತ್ತ * 0.12
  ಎಂಡ್

ಮೇಲಿನ ಸಾಲು ವಿಳಾಸ: ಹಳೆಯ ಫೈಲಿನಲ್ಲಿ 41ನೇ ಸಾಲಿನಿಂದ ಮೂರು ಸಾಲು ಇದ್ದದ್ದು ಹೊಸದರಲ್ಲಿ ನಾಲ್ಕಾಗಿದೆ. ಮೈನಸ್ ಇರುವುದು ಹೋದ ಸಾಲು, ಪ್ಲಸ್ ಇರುವುದು ಬಂದ ಸಾಲು, ಏನೂ ಇಲ್ಲದ್ದು ಸುತ್ತಲಿನ ಸಂದರ್ಭ. ಪ್ಲಗಿನ್ನಿಗೆ ಬೇಕಾದದ್ದು ಪ್ಲಸ್ ಸಾಲುಗಳು ಮಾತ್ರ. ಅಲ್ಲಿ ಕಾಮೆಂಟಿನ ಗುರುತು ಇದೆಯೇ, ಅದರ ಹಿಂದೆಯೇ ನಾವು ಕೊಟ್ಟ ಪದ ಇದೆಯೇ ಎಂದು ರೆಜೆಕ್ಸ್‌ನಿಂದ (ಪಠ್ಯದಲ್ಲಿ ನಮೂನೆ ಹುಡುಕುವ ಸೂತ್ರದಿಂದ) ನೋಡುತ್ತದೆ. ಮೈನಸ್ ಸಾಲಿನಲ್ಲಿ ಟೂಡೂ ಇದ್ದರೆ ಅದು ಸಂತೋಷದ ಸುದ್ದಿ, ಯಾರೋ ಬಾಕಿ ತೀರಿಸಿದ್ದಾರೆ.

ಇದು ಕೇಳಲು ಸರಳ. ಆದರೆ ಇಂಥ ರೆಜೆಕ್ಸ್ ಒಂದನ್ನು ನೀವೇ ಬರೆಯಲು ಕೂತರೆ ಬೇಗನೆ ಕೆಸರಿಗೆ ಕಾಲಿಡುತ್ತೀರಿ. ಕಾಮೆಂಟಿನ ಗುರುತೇ ಬೇಡ, ಪದ ಇದ್ದರೆ ಸಾಕು ಅಂದುಕೊಳ್ಳಿ. ಗೋ ಭಾಷೆಯಲ್ಲಿ ಕಾಂಟೆಕ್ಸ್ಟ್ ಪ್ಯಾಕೇಜಿನೊಳಗೆ ಟೂಡೂ ಎಂಬ ಹೆಸರಿನದೇ ಫಂಕ್ಷನ್ ಇದೆ. ಯಾವ ಕಾಂಟೆಕ್ಸ್ಟ್ ಕೊಡಬೇಕೆಂದು ಇನ್ನೂ ತೀರ್ಮಾನವಾಗದಿದ್ದಾಗ ಕರೆಯುವುದು ಅದನ್ನೇ. ಕೋಟ್ಲಿನ್‌ನಲ್ಲೂ ಅದೇ ಹೆಸರಿನ ಫಂಕ್ಷನ್ ಉಂಟು, ರಸ್ಟ್‌ನಲ್ಲಿ ಮ್ಯಾಕ್ರೋ ಉಂಟು. ಈ ಎರಡು ಇನ್ನೂ ಖಡಕ್: ಓಟ ಅಲ್ಲಿಗೆ ಮುಟ್ಟಿದರೆ ಪ್ರೋಗ್ರಾಮನ್ನೇ ಬೀಳಿಸುತ್ತವೆ. ಇನ್ನು, ಪದದ ಅಂಚು ನೋಡದೆ ಹುಡುಕಿದರೆ ‘ಮಾಸ್ಟೊಡಾನ್’ ಸಿಕ್ಕಿಬೀಳುತ್ತಾನೆ. ಅದರ ಇಂಗ್ಲಿಷ್ ಸ್ಪೆಲ್ಲಿಂಗಿನ ಹೊಟ್ಟೆಯೊಳಗೆ ಟೂಡೂವಿನ ನಾಲ್ಕೂ ಅಕ್ಷರಗಳು ಸಾಲಾಗಿ ಕೂತಿವೆ. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್‌ನಲ್ಲಂತೂ ಅದೇ ನಾಲ್ಕಕ್ಷರಕ್ಕೆ ‘ಎಲ್ಲ’ ಎಂಬ ಅರ್ಥ. ದೊಡ್ಡಕ್ಷರ ಸಣ್ಣಕ್ಷರ ಭೇದವಿಲ್ಲದೆ ಹುಡುಕುವ ತಪಾಸಕನೆದುರು ಮ್ಯಾಡ್ರಿಡ್‌ನ ಪ್ರೋಗ್ರಾಮರ್ ‘ಎಲ್ಲ ಸರಿಯಿದೆ’ ಎಂದು ಕಾಮೆಂಟ್ ಬರೆದರೂ ಬೈಸಿಕೊಳ್ಳಬೇಕು.

ಸರಿ, ಸಾಲಿನ ಮೊದಲಲ್ಲೇ ಕಾಮೆಂಟ್ ಗುರುತು ಇರಬೇಕು ಎಂದು ಬಿಗಿ ಮಾಡಿದಿರಿ. ಆಗ ಕೋಡಿನ ಬಾಲಕ್ಕೆ, ಅದೇ ಸಾಲಿನಲ್ಲಿ ಅಂಟಿಸಿದ ಟೂಡೂ ತಪ್ಪಿಸಿಕೊಳ್ಳುತ್ತದೆ. ಎಲ್ಲಿದ್ದರೂ ಸರಿ ಎಂದು ಸಡಿಲಿಸಿದರೆ ವೆಬ್ ವಿಳಾಸದ ಜೋಡಿ ಓರೆಗೆರೆಯೂ ಕಾಮೆಂಟಿನ ಹಾಗೆ ಕಾಣುತ್ತದೆ. ಪೂರ್ತಿ ಖಚಿತವಾಗಬೇಕಾದರೆ ಪ್ರತಿ ಭಾಷೆಯ ವ್ಯಾಕರಣವನ್ನೇ ಪಾರ್ಸ್ ಮಾಡಬೇಕು. ರೆಜೆಕ್ಸ್ ದಾರಿ ಹಿಡಿದವರು ಒಂದಿಷ್ಟು ತಪ್ಪನ್ನು ಒಪ್ಪಿಕೊಂಡು, ಬದಲಿಗೆ ಎಲ್ಲ ಭಾಷೆಗಳಿಗೂ ನಡೆಯುವ ಒಂದೇ ಸಾಧನ ಪಡೆದಿದ್ದಾರೆ. ನನ್ನ ಮಟ್ಟಿಗೆ ಇದು ಒಳ್ಳೆಯ ವ್ಯಾಪಾರ, ಎಚ್ಚರಿಕೆ ಕೊಡುವುದಷ್ಟೇ ಅದರ ಕೆಲಸವಾಗಿರುವವರೆಗೆ.

ಹುಡುಕುವ ಪದಗಳನ್ನು ನಾವೇ ಕೊಡಬಹುದು ಅಂದೆನಲ್ಲ, ಹಾಗಾದರೆ ಕನ್ನಡದ ‘ಆಮೇಲೆ’ಯನ್ನೂ ಕೊಡಬಹುದೇ? ಬೆಂಗಳೂರಿನ ಕೋಡಿನಲ್ಲಿ ‘ಆಮೇಲೆ ನೋಡೋಣ’ ಎಂಬ ಕಾಮೆಂಟ್ ಅಪರೂಪವೇನಲ್ಲ, ಹೆಚ್ಚಾಗಿ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ ಅಷ್ಟೆ. ಇಂಗ್ಲಿಷ್ ಅಕ್ಷರವಾದರೆ ತೊಂದರೆಯಿಲ್ಲ. ಕನ್ನಡ ಲಿಪಿಯಾದರೆ ಪದದ ಅಂಚು ಗುರುತಿಸುವ ಚಿಹ್ನೆ ಕೈಕೊಡುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಆ ಚಿಹ್ನೆಗೆ ಗೊತ್ತಿರುವ ಅಕ್ಷರಗಳು ಇಂಗ್ಲಿಷಿನವು, ಅಂಕಿಗಳು ಮತ್ತು ಅಡಿಗೆರೆ ಮಾತ್ರ. ಕನ್ನಡದ ಅಕ್ಷರವೂ ಖಾಲಿ ಜಾಗವೂ ಅದರ ಕಣ್ಣಿಗೆ ಒಂದೇ. ಹಾಗಾಗಿ ಎರಡರ ನಡುವೆ ಅಂಚೇ ಕಾಣುವುದಿಲ್ಲ, ಹುಡುಕಾಟ ಬರಿಗೈಲಿ ವಾಪಸು ಬರುತ್ತದೆ.

ಪೈಥಾನಿನ ಮಾಮೂಲಿ ರೆಜೆಕ್ಸ್ ಮಾಡ್ಯೂಲ್ ಯೂನಿಕೋಡ್ ಬಲ್ಲದು, ಆದರೂ ಅರ್ಧ ದಾರಿಗೆ ನಿಲ್ಲುತ್ತದೆ. ಕನ್ನಡದ ವ್ಯಂಜನಗಳನ್ನು ಅದು ಅಕ್ಷರವೆಂದು ಒಪ್ಪುತ್ತದೆ, ಸ್ವರಚಿಹ್ನೆಗಳನ್ನು ಒಪ್ಪುವುದಿಲ್ಲ. ಪರಿಣಾಮ ತಮಾಷೆಯಾಗಿದೆ: ‘ನಂತರ’ ಎಂದು ಬರೆದರೆ ಸಿಕ್ಕಿಬೀಳುತ್ತೀರಿ, ಯಾಕೆಂದರೆ ಅದು ಬರೀ ‘ರ’ದಲ್ಲಿ ಮುಗಿಯುತ್ತದೆ. ‘ಆಮೇಲೆ’ ಎಂದು ಬರೆದರೆ ಪಾರು, ಅದರ ಕೊನೆಯಲ್ಲಿರುವುದು ಎತ್ವದ ಚಿಹ್ನೆ. ‘ಬಾಕಿ’ಯದೂ ಅದೇ ಹಣೆಬರಹ, ಗುಡಿಸು ಕಾಪಾಡುತ್ತದೆ. ಇಂಥಲ್ಲಿ ಅಂಚಿನ ಚಿಹ್ನೆ ಬಿಟ್ಟು, ಪದದ ಹಿಂದೆ ಮುಂದೆ ಖಾಲಿ ಜಾಗವೋ ವಿರಾಮಚಿಹ್ನೆಯೋ ಸಾಲಿನ ಕೊನೆಯೋ ಇದೆಯೇ ಎಂದು ನಾವೇ ಬಿಡಿಸಿ ಬರೆಯಬೇಕಾಗುತ್ತದೆ. ಕನ್ನಡ ಪಠ್ಯದ ಮೇಲೆ ಏನೇ ಹುಡುಕಾಟದ ಕೆಲಸ ಮಾಡುವವರಿಗೂ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ, ಟೂಡೂ ಒಂದು ನೆಪ.

ಜೋಡಿಸುವಾಗ ಸಿಗುವ ಅಡೆತಡೆಗಳಲ್ಲಿ ಎರಡನ್ನು ಹೇಳಿಬಿಡುತ್ತೇನೆ. ಸಮಯ ಉಳಿಸಲೆಂದು ಗಿಟ್‌ಹಬ್‌ನದೇ ಸಿಐ ಆದ ಗಿಟ್‌ಹಬ್ ಆ್ಯಕ್ಷನ್ಸ್ ಕೋಡನ್ನು ಇಳಿಸಿಕೊಳ್ಳುವಾಗ ಕೊನೆಯ ಒಂದೇ ಕಮಿಟ್ ತರುತ್ತದೆ. ಕವಲೊಡೆದ ಜಾಗವೇ ಕೈಯಲ್ಲಿಲ್ಲದಿದ್ದರೆ ವ್ಯತ್ಯಾಸ ತೆಗೆಯುವುದು ಎಲ್ಲಿಂದ? ಇತಿಹಾಸವನ್ನು ಇನ್ನಷ್ಟು ಆಳಕ್ಕೆ ತರುವಂತೆ ಹೇಳಬೇಕು. ಇನ್ನೊಂದು, ಹೊರಗಿನವರು ತಮ್ಮ ಫೋರ್ಕ್‌ನಿಂದ (ಯೋಜನೆಯ ಸ್ವಂತ ನಕಲಿನಿಂದ) ಕಳಿಸುವ ರಿಕ್ವೆಸ್ಟ್‌ಗಳು. ಅಪರಿಚಿತರ ಕೋಡಿಗೆ ಗುಟ್ಟಿನ ಟೋಕನ್ ಕೊಡುವುದು ಅಪಾಯ, ಅದಕ್ಕೇ ಅಲ್ಲಿ ಟೋಕನ್ ಓದಲಷ್ಟೇ ಬರುತ್ತದೆ. ಡೇಂಜರ್‌ಗೆ ಕಾಮೆಂಟ್ ಬರೆಯಲು ಆಗುವುದಿಲ್ಲ. ಈ ತಡೆಯನ್ನು ಸುತ್ತಿಬಳಸಿ ಮುರಿಯುವ ಉಪಾಯಗಳು ಇವೆ. ಒಂದು ಟೂಡೂ ಹಿಡಿಯಲು ಬೀಗದ ಕೈಯನ್ನೇ ಬೀದಿಗೆಸೆಯಬೇಡಿ ಎಂದಷ್ಟೇ ನನ್ನ ವಿನಂತಿ.

ಅಡೆತಡೆಗಿಂತ ಹೆಚ್ಚಾಗಿ ಕಾಡುವುದು ಅನ್ಯಾಯದ ಬೈಗುಳ. ಯಾರೋ ಎಂಟು ವರ್ಷದ ಹಿಂದೆ ಬರೆದ ಕೋಡನ್ನು ನೀವು ಒಂದು ‘ಇಫ್’ ಒಳಗೆ ಸರಿಸುತ್ತೀರಿ. ಎಡಗಡೆಯ ಖಾಲಿ ಜಾಗ ಎರಡು ಅಕ್ಷರದಷ್ಟು ಬದಲಾಗುತ್ತದೆ, ಅಷ್ಟೇ. ಕೋಡಿನ ಇತಿಹಾಸ ಇಡುವ ಗಿಟ್ ದೃಷ್ಟಿಯಲ್ಲಿ ಹಳೆಯ ಸಾಲು ಹೋಯಿತು, ಹೊಸದು ಬಂತು. ಅದರೊಳಗಿದ್ದ ಅಜ್ಜನ ಕಾಲದ ಟೂಡೂ ಈಗ ಪ್ಲಸ್ ಹೊತ್ತು ನಿಮ್ಮ ಹೆಸರಿಗೆ ಬೀಳುತ್ತದೆ. ಫೈಲನ್ನು ಬೇರೆ ಫೋಲ್ಡರಿಗೆ ಸಾಗಿಸಿದರೂ, ಅರ್ಧಕ್ಕಿಂತ ಹೆಚ್ಚು ಬದಲಾಗಿದ್ದರೆ ಹೀಗೇ ಆಗುತ್ತದೆ: ಹೆಸರಷ್ಟೇ ಬದಲಾಗಿದೆ ಎಂದು ಗಿಟ್ ಗುರುತಿಸುವುದು ತನ್ನ ಮಾಮೂಲಿ ಮಟ್ಟವಾದ ಶೇ 50ರಷ್ಟು ಹೋಲಿಕೆ ಉಳಿದಿದ್ದಾಗ ಮಾತ್ರ. ಪಿತ್ರಾರ್ಜಿತ ಸಾಲದ ಹಾಗೆ ಇದು. ಆದರೆ ನನಗೆ ಇದರ ಬಗ್ಗೆ ಹೆಚ್ಚು ತಕರಾರಿಲ್ಲ. ಆ ಕೋಡನ್ನು ಎಂಟು ವರ್ಷದಲ್ಲಿ ಮುಟ್ಟಿದ ಮೊದಲಿಗರು ನೀವು, ಆ ಟೂಡೂ ಇನ್ನೂ ಬೇಕೇ ಬೇಡವೇ ಎಂದು ಹೇಳಲು ಇವತ್ತು ನಿಮಗಿಂತ ತಿಳಿದವರಿಲ್ಲ.

ಹಾಗಾದರೆ ಎಚ್ಚರಿಸಬೇಕೋ, ಬಿಲ್ಡ್ ಕೆಡವಬೇಕೋ? ನಾನಿದ್ದ ಒಂದು ತಂಡದಲ್ಲಿ ಉತ್ಸಾಹದಿಂದ ‘ಕೆಡವು’ ಎಂದು ಇಟ್ಟಿದ್ದೆವು. ಎರಡು ವಾರ ಟೂಡೂಗಳೇ ಇಲ್ಲ, ನಮಗೋ ಹೆಮ್ಮೆ. ಆಮೇಲೆ ಒಂದು ದಿನ ರಿವ್ಯೂ ಮಾಡುತ್ತಿದ್ದಾಗ ಕಣ್ಣಿಗೆ ಏನೋ ಕಚ್ಚಿತು. ಸಾಲನ್ನು ದೊಡ್ಡದು ಮಾಡಿ ನೋಡಿದರೆ, ಟೂಡೂವಿನಲ್ಲಿ ‘ಓ’ ಇರಬೇಕಾದಲ್ಲಿ ಸೊನ್ನೆ! ಹುಡುಕಿದರೆ ಇನ್ನೂ ಐದು ಸಿಕ್ಕವು. ಉಳಿದವರು ಇನ್ನೂ ಸುಲಭದ ದಾರಿ ಹಿಡಿದಿದ್ದರು, ಪದವನ್ನೇ ಬರೆಯದೆ ಬಾಕಿ ಉಳಿಸಿದ್ದರು. ಅಂದರೆ ಮೊದಲು ಬಾಕಿ ಇತ್ತು, ಚೀಟಿಯೂ ಇತ್ತು. ನಮ್ಮ ನಿಯಮ ಬಂದ ಮೇಲೆ ಬಾಕಿ ಉಳಿಯಿತು, ಚೀಟಿ ಹೋಯಿತು. ಅವತ್ತೇ ‘ಎಚ್ಚರಿಸು’ ಎಂದು ಬದಲಿಸಿದೆವು.

ಕೆಡವುವುದಕ್ಕೂ ಒಂದು ಜಾಗವಿದೆ. ಟಿಕೆಟ್ (ಬಾಕಿ ಕೆಲಸದ ದಾಖಲೆ) ಸಂಖ್ಯೆ ಇರುವ ಟೂಡೂಗೆ ಎಚ್ಚರಿಕೆ ಸಾಕು, ಸಂಖ್ಯೆಯೇ ಇಲ್ಲದ್ದಕ್ಕೆ ಬಾಗಿಲು ಮುಚ್ಚು ಎಂದು ಡೇಂಜರ್‌ಫೈಲಿನಲ್ಲಿ ನಾಲ್ಕು ಸಾಲು ರೂಬಿ ಬರೆದುಕೊಳ್ಳಬಹುದು. ಗೂಗಲ್‌ನ ಬರವಣಿಗೆ ನಿಯಮಗಳು ಮೊದಲು ಟೂಡೂ ಪಕ್ಕದ ಕಂಸದಲ್ಲಿ ವ್ಯಕ್ತಿಯ ಹೆಸರು ಬರೆಯಲು ಹೇಳುತ್ತಿದ್ದವು, ಈಗ ಬಗ್‌ನ ಕೊಂಡಿ ಇಡಿ ಅನ್ನುತ್ತವೆ. ಜನ ತಂಡ ಬದಲಿಸುತ್ತಾರೆ, ಟಿಕೆಟ್ ಅಲ್ಲೇ ಇರುತ್ತದೆ. ಅಲ್ಲಿ ಅದಕ್ಕೊಂದು ದಿನಾಂಕ, ಒಬ್ಬ ಹೊಣೆಗಾರ, ‘ಇದು ಬೇಡ, ಮುಚ್ಚಿ’ ಎಂದು ಹೇಳುವ ಅವಕಾಶ ಮೂರೂ ಸಿಗುತ್ತವೆ. ತೆರಿಗೆ ಫಂಕ್ಷನ್ನಿನ ಟೂಡೂಗೆ ಹೀಗೊಂದು ಸಂಖ್ಯೆ ಇದ್ದಿದ್ದರೆ, ಸೆಪ್ಟೆಂಬರಿನಲ್ಲಿ ‘ಜಿಎಸ್‌ಟಿ’ ಎಂದು ಟಿಕೆಟ್‌ಗಳಲ್ಲಿ ಹುಡುಕಿದವರಿಗೆ ಅದು ಎದುರಿಗೇ ಸಿಗುತ್ತಿತ್ತು.

ಪದ ನೋಡಿ ಬಾಕಿ ಹುಡುಕುವ ಉಪಾಯಕ್ಕೆ ಒಂದು ಕೊನೆಯ ಮಿತಿಯಿದೆ, ಮನುಷ್ಯರು ತಪ್ಪೊಪ್ಪಿಗೆಯನ್ನು ಒಂದೇ ಪದದಲ್ಲಿ ಬರೆಯುವುದಿಲ್ಲ. ಪೋತದಾರ್ ಮತ್ತು ಶಿಹಾಬ್ ಪಟ್ಟಿ ಮಾಡಿದ ಮಾದರಿಗಳೇ 62. ಇದರ ನನ್ನ ಮೆಚ್ಚಿನ ಉದಾಹರಣೆ ಅಪೊಲೊ 11ರ ಚಂದ್ರನೌಕೆಯ ಕೋಡಿನಲ್ಲಿದೆ. ಆ ಕೋಡ್ ಈಗ ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ಓದಬಹುದು. ಚಂದ್ರನ ಮೇಲೆ ಇಳಿಯುವ ಸಮೀಕರಣಗಳ ಫೈಲಿನಲ್ಲಿ ಒಂದರ ಕೆಳಗೊಂದು ಎರಡು ಆದೇಶಗಳಿವೆ, ಎರಡರ ಪಕ್ಕವೂ ಒಂದೇ ಕಾಮೆಂಟ್: ತಾತ್ಕಾಲಿಕ, ಹಾಗೆಂದು ಆಶಿಸುತ್ತೇನೆ, ಆಶಿಸುತ್ತೇನೆ, ಆಶಿಸುತ್ತೇನೆ. ಕಾಮೆಂಟ್ ನೌಕೆಯೊಳಗೆ ಹೋಗಲಿಲ್ಲ. ಅದರ ಪಕ್ಕದ ಆದೇಶಗಳು ತಂತಿಯಲ್ಲಿ ಕೈಯಿಂದ ನೇಯ್ದ ಮೆಮೊರಿಯೊಳಗೆ ಸೇರಿ, 1969ರ ಜುಲೈ 20ರಂದು ಇಬ್ಬರನ್ನು ಹೊತ್ತ ನೌಕೆಯೊಂದಿಗೆ ಚಂದ್ರನ ಮೇಲೆ ಇಳಿದವು. ಟೂಡೂ ಇಲ್ಲ, ಫಿಕ್ಸ್‌ಮಿ ಇಲ್ಲ. ನಮ್ಮ ಪ್ಲಗಿನ್ ಆ ಫೈಲಿನ ಡಿಫ್ ನೋಡಿದ್ದರೆ ಈ ಎರಡು ಸಾಲುಗಳ ಬಗ್ಗೆ ಚಕಾರ ಎತ್ತುತ್ತಿರಲಿಲ್ಲ.